ಮೀನು ಹಿಡಿಯುವ ಕಾಕಾನಿಗೆ ಕೈಯಾರೆ ಡೈರಿ, ಅದಕ್ಕೊಪ್ಪುವ ಪೆಟ್ಟಿಗೆ: ಹೇಗೆ ಮಾಡಲಿ?

ಹಿನ್ನೀರಿನ ಹುಡುಗಿ (ಬಾಗಲಕೋಟೆ):
ಎಲ್ಲರಿಗೂ ನಮಸ್ಕಾರ. ನಮ್ಮ ಕಾಕಾ ದೀಪಾವಳಿ ಹೊತ್ತಿಗೆ ನೌಕರಿಯಿಂದ ನಿವೃತ್ತರಾಗುತ್ತಿದ್ದಾರೆ. ಅವರಿಗೆ ಮೀನು ಹಿಡಿಯುವ ಹುಚ್ಚು. ರಜೆ ಸಿಕ್ಕರೆ ಸಾಕು, ಗಾಳದ ಕೋಲು ಹಿಡಿದು ಆಲಮಟ್ಟಿ ಹಿನ್ನೀರಿನ ದಡಕ್ಕೆ ಹೋಗಿಬಿಡುತ್ತಾರೆ. ಎಲ್ಲಿ ಕೂತರು, ಗಾಳಕ್ಕೆ ಏನು ಹಾಕಿದರು, ಏನು ಸಿಕ್ಕಿತು, ಎಲ್ಲ ಬರೆದಿಡುತ್ತಾರೆ. ಆದರೆ ಕ್ಯಾಲೆಂಡರ್ ಹಾಳೆಯ ಹಿಂದೆ, ಬಸ್ ಟಿಕೆಟ್ ಮೇಲೆ, ಕಿರಾಣಿ ಚೀಟಿಯ ಮೇಲೆ. ನಮ್ಮ ಕಾಕು ಅದನ್ನೆಲ್ಲ ಒಂದು ಚೀಲದಲ್ಲಿ ತುಂಬಿಟ್ಟಿದ್ದಾರೆ.

ಅವರಿಗೆ ಒಂದು ಒಳ್ಳೆಯ ಡೈರಿ ಕೊಡಬೇಕು ಅಂತ ಆಸೆ. ಆನ್‌ಲೈನ್‌ನಲ್ಲಿ ಸಿಗುವವನ್ನು ನೋಡಿದೆ. ಎಲ್ಲದರ ಮೇಲೂ ಯಾವುದೋ ಚಳಿ ದೇಶದ ಟ್ರೌಟ್ ಮೀನು, ಒಳಗಿನ ಕಾಲಂಗಳೂ ಅಲ್ಲಿಯವರಿಗೇ ಹೊಂದುವಂಥವು. ಕಾಕಾ ಹಿಡಿಯುವುದು ಕಟ್ಲಾ, ರೋಹು, ಒಮ್ಮೊಮ್ಮೆ ಕೊರವ. ಅದಕ್ಕೆ ನಾನೇ ಮಾಡಬೇಕು ಅಂತಿದ್ದೇನೆ. ಎ5 ಅಳತೆ, ಸುಮಾರು 160 ಪುಟ, ಮೇಲೆ ಗುಳೇದಗುಡ್ಡ ಖಣದ ಹೊದಿಕೆ, ಜೊತೆಗೆ ಅದೇ ಬಟ್ಟೆಯ ಪೆಟ್ಟಿಗೆ.

ಯಾವ ಕಾಗದ ತರಲಿ? ಹೊಲಿಯಬೇಕಾ ಅಂಟಿಸಬೇಕಾ? ಹೊದಿಕೆಯ ಮೇಲೆ ಮೀನು ಬರಬೇಕು, ಆದರೆ ಶಾಲೆ ಮಕ್ಕಳ ಪ್ರಾಜೆಕ್ಟ್ ಥರ ಕಾಣಬಾರದು. ಪೆಟ್ಟಿಗೆಯ ಅಳತೆ ಹೇಗೆ ಹಿಡಿಯುವುದು? ನನ್ನ ಹತ್ತಿರ ಕಟರ್, ಸ್ಟೀಲ್ ಸ್ಕೇಲ್, ಫೆವಿಕಾಲ್ ಇವೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಶೇಂಗಾ ಹಿಂಡಿ (ಬೀಳಗಿ):
ಸ್ಪೈರಲ್ ಹಾಕಿಸಿಬಿಡಿ. ಕೆಲಸ ಮುಗೀತು.

ಹಳೇ ಬೈಂಡರ್ (ವಿಜಯಪುರ):
ಸ್ಪೈರಲ್ ಬೇಡ ತಂಗಿ. ತಂತಿ ಒಂದು ಸಲ ಬಾಗಿದರೆ ಹಾಳೆ ತಿರುಗುವುದಿಲ್ಲ, ಚೀಲದಲ್ಲಿ ಇಟ್ಟರೆ ಗಾಳದ ದಾರಕ್ಕೆ ಸಿಕ್ಕಿಕೊಳ್ಳುತ್ತದೆ. ಹೊಲಿಗೆ ಬೈಂಡಿಂಗೇ ಮಾಡಿ. ನಮ್ಮ ಅಂಗಡಿಯಲ್ಲಿ ವ್ಯಾಪಾರಿಗಳ ಕಿರ್ದಿ ಪುಸ್ತಕ ಹೊಲಿದೇ ಜೀವನ ಮಾಡಿದ್ದೇವೆ. ಕೆಂಪು ಬಟ್ಟೆಯ ಕಿರ್ದಿ ವರ್ಷಗಟ್ಟಲೆ ಗಲ್ಲೆಯ ಪಕ್ಕ ಬಿದ್ದಿದ್ದರೂ ಒಂದು ಹಾಳೆ ಕಳಚುತ್ತಿರಲಿಲ್ಲ.

ಮೊದಲು ಕಾಗದ. 100 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಸಾಕು. ಇಲ್ಲೊಂದು ವಿಷಯ ಇದೆ, ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಕಾಗದಕ್ಕೆ ನಾರಿನ ದಿಕ್ಕು ಇರುತ್ತದೆ, ಗ್ರೇನ್ ಅಂತೀವಿ. ಆ ದಿಕ್ಕು ಪುಸ್ತಕದ ಬೆನ್ನಿಗೆ ಸಮಾನಾಂತರ ಇರಬೇಕು. ಅಡ್ಡ ಇದ್ದರೆ ಪುಸ್ತಕ ಸರಿಯಾಗಿ ತೆರೆಯುವುದಿಲ್ಲ, ತೇವ ತಾಗಿದಾಗ ಹಾಳೆ ಅಲೆಅಲೆಯಾಗಿ ಏಳುತ್ತದೆ. ಅಂಗಡಿಯ ಎ4 ಹಾಳೆಯಲ್ಲಿ ನಾರು ಸಾಮಾನ್ಯವಾಗಿ ಉದ್ದಕ್ಕೆ ಇರುತ್ತದೆ, ಮಧ್ಯಕ್ಕೆ ಮಡಚಿದರೆ ಬೆನ್ನಿಗೆ ಅಡ್ಡ ಬಂತು. ಅದಕ್ಕೆ ನಾರು ಉದ್ದಕ್ಕಿರುವ ಎ3 ಹಾಳೆ ತಗೊಂಡು ಎರಡು ತುಂಡು ಮಾಡಿಸಿ, ಆಮೇಲೆ ಮಡಚಿ. ಆಗ ಸರಿ ಬರುತ್ತದೆ. ಪರೀಕ್ಷೆ ಸುಲಭ. ಹಾಳೆಯನ್ನು ಮಡಚದೆ ಎರಡೂ ಕಡೆ ಮೆಲ್ಲಗೆ ಬಾಗಿಸಿ ನೋಡಿ, ಯಾವ ಕಡೆ ಬೇಗ ಬಾಗುತ್ತದೋ ಆ ಮಡಿಕೆಯ ಗೆರೆಯೇ ನಾರಿನ ದಿಕ್ಕು.

ನಾಲ್ಕು ಎ4 ಹಾಳೆ ಒಟ್ಟಿಗೆ ಮಡಚಿದರೆ 16 ಪುಟದ ಒಂದು ಜುಜ್. ಹತ್ತು ಜುಜ್ ಅಂದರೆ 160 ಪುಟ. ಎ3 ಲೆಕ್ಕದಲ್ಲಿ 20 ಹಾಳೆ, ಎರಡು ಮೂರು ಜಾಸ್ತಿ ತಂದಿಟ್ಟುಕೊಳ್ಳಿ. ಮಡಿಕೆಯಲ್ಲಿ ದಬ್ಬಣದಿಂದ ತೂತು ಹಾಕಿ, ಜೇನುಮೇಣ ಸವರಿದ ಗಟ್ಟಿ ನೂಲಿನಿಂದ ಹೊಲಿಯಿರಿ. ಮೇಣ ಹಚ್ಚಿದರೆ ನೂಲು ಜಾರುವುದಿಲ್ಲ, ಗಂಟು ಬಿಚ್ಚುವುದಿಲ್ಲ. ತುದಿಯ ತೂತಿನಲ್ಲಿ ಪ್ರತಿ ಜುಜ್ ಅನ್ನೂ ಕೆಳಗಿನದಕ್ಕೆ ಗಂಟು ಹಾಕುತ್ತಾ ಮೇಲೆ ಹೋಗಿ.

ಶೇಂಗಾ ಹಿಂಡಿ (ಬೀಳಗಿ):
ಬೈಂಡರ್ ಕಾಕಾ, ನಾನು ಸುಮ್ನೆ ಸ್ಪೈರಲ್ ಅನ್ನಲಿಲ್ಲ. ದಡದಲ್ಲಿ ಒಂದು ಕೈ ಕೋಲಿನ ಮೇಲೆ ಇರುತ್ತೆ. ಇನ್ನೊಂದು ಕೈಯಲ್ಲಿ ತೊಡೆಯ ಮೇಲಿಟ್ಟು ಬರೆಯಬೇಕು. ಪುಸ್ತಕ ತಾನಾಗಿ ಮುಚ್ಚಿಕೊಂಡರೆ ಯಾರು ಬರೆಯುತ್ತಾರೆ? ಚಂದದ ಪುಸ್ತಕ ಕಪಾಟಿನಲ್ಲಿ ಕೂರುತ್ತೆ, ಬರೆಯುವುದು ಮತ್ತೆ ಬಸ್ ಟಿಕೆಟ್ ಮೇಲೇ.

ಹಿನ್ನೀರಿನ ಹುಡುಗಿ (ಬಾಗಲಕೋಟೆ):
ಈ ಮಾತು ನಿಜ. ಕಪಾಟಿನಲ್ಲಿ ಕೂರುವ ಪುಸ್ತಕ ನನಗೆ ಬೇಡ. ಕಾಕಾ ಅದನ್ನು ನೀರಿನ ಹತ್ತಿರ ಒಯ್ಯಬೇಕು, ಅದು ಮಣ್ಣಾಗಬೇಕು, ಅದರಲ್ಲಿ ಬರೆಯಬೇಕು. ಎಲ್ಲರೂ ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿ.

ಸುಮ್ನೆ ಓದುವವಳು (ನಿಪ್ಪಾಣಿ):
ಹಾಗಾದರೆ ಕಾಪ್ಟಿಕ್ ಹೊಲಿಗೆ ನೋಡಿ. ಈಜಿಪ್ಟಿನ ಹಳೆಯ ಕ್ರೈಸ್ತರ ಕಾಲದ ಪದ್ಧತಿ. ಬೆನ್ನಿಗೆ ಅಂಟೂ ಇಲ್ಲ, ಬಟ್ಟೆಯೂ ಇಲ್ಲ, ನೂಲಿನ ಜಡೆ ಹೊರಗೆ ಕಾಣುತ್ತದೆ. ಯಾವ ಪುಟ ತೆಗೆದರೂ ಮೇಜಿನ ಮೇಲೆ ಚಪ್ಪಟೆಯಾಗಿ ಬಿದ್ದಿರುತ್ತದೆ. ಹೊಲಿಗೆಯೂ ಉಳಿಯಿತು, ಶೇಂಗಾ ಅಣ್ಣನ ತಕರಾರೂ ತೀರಿತು.

ಹಳೇ ಬೈಂಡರ್ (ವಿಜಯಪುರ):
ತೆರೆಯುವುದು ಚೆನ್ನಾಗಿ ತೆರೆಯುತ್ತದೆ, ಒಪ್ಪುತ್ತೇನೆ. ಆದರೆ ಬೆನ್ನು ಬೆತ್ತಲೆ. ನೀರು, ಉಸುಕು ಎಲ್ಲ ನೇರ ಜುಜ್‌ಗಳ ಸಂದಿಗೆ ಹೋಗುತ್ತದೆ. ದಡಕ್ಕೆ ಒಯ್ಯುವ ಪುಸ್ತಕ ಅಂದ ಮೇಲೆ ಬೆನ್ನು ಮುಚ್ಚಲೇಬೇಕು. ಜುಜ್‌ಗಳನ್ನು ಬೆನ್ನಿಗೆ ಅಡ್ಡ ಬರುವ ಬಟ್ಟೆಯ ಪಟ್ಟಿಯ ಮೇಲೆ ಹೊಲಿದು, ಬೆನ್ನಿಗೆ ಮಸ್ಲಿನ್ ಅಂಟಿಸಿ, ಹೊದಿಕೆಯ ಬೆನ್ನನ್ನು ಮಾತ್ರ ಜುಜ್‌ಗೆ ಅಂಟಿಸದೆ ಬಿಡಿ. ಹಿಂದೆ ಪೊಳ್ಳು ಇದ್ದರೆ ಅದೂ ಚೆನ್ನಾಗಿಯೇ ತೆರೆಯುತ್ತದೆ.

ದಡದ ಮೇಲೆ (ಕೊಲ್ಹಾರ):
ನಾನು ಗಾಳದವನು, ಬೈಂಡಿಂಗ್ ಗೊತ್ತಿಲ್ಲ. ಒಳಗೆ ಏನಿರಬೇಕು ಅಂತ ಹೇಳುತ್ತೇನೆ.

ತಾರೀಖು, ಜಾಗ, ಸಮಯ ಇದ್ದೇ ಇರುತ್ತೆ. ಅದಕ್ಕಿಂತ ಮುಖ್ಯ ನೀರಿನ ಮಟ್ಟ. ಆಲಮಟ್ಟಿ ತುಂಬಿದರೆ ಸಮುದ್ರ ಮಟ್ಟದಿಂದ 519.60 ಮೀಟರ್. ಮಳೆಗಾಲದಲ್ಲಿ ನೀರು ಏರುತ್ತಾ ಹೋಗಿ, ಬೇಸಿಗೆಗೆ ಇಳಿದಾಗ ಇದೇ ದಡ ಎಲ್ಲೋ ದೂರ ಹೋಗಿರುತ್ತೆ. ನಿನ್ನೆ ಕೂತ ಕಲ್ಲು ಇವತ್ತು ನೀರಿನಲ್ಲಿ. ಹಾಗಾಗಿ ಮಟ್ಟ ಬರೆಯದೆ ಜಾಗ ಬರೆದರೆ ಮುಂದಿನ ವರ್ಷ ಉಪಯೋಗಕ್ಕೆ ಬರುವುದಿಲ್ಲ. ಆಮೇಲೆ ನೀರಿನ ಬಣ್ಣ: ರಾಡಿ, ಹಸಿರು, ತಿಳಿ.

ಇನ್ನೊಂದು ಕಾಲಂ ಬೇಕೇ ಬೇಕು, ಗಾಳ ಎಷ್ಟು ಆಳದಲ್ಲಿತ್ತು ಅಂತ. ಕಟ್ಲಾ ಮೇಲಿನ ನೀರಿನಲ್ಲಿ ಮೇಯುತ್ತೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಬೆಂಡನ್ನು ಎಲ್ಲಿಗೆ ಕಟ್ಟಿದಿರಿ ಅನ್ನುವುದರ ಮೇಲೆ ಯಾವ ಮೀನು ಅನ್ನುವುದು ನಿಂತಿದೆ. ಎರೆ ಬರೆಯಲಿಕ್ಕೂ ಜಾಗ ಇರಲಿ, ಜೋಳದ ಹಿಟ್ಟಿನ ಉಂಡೆಯೋ, ಶೇಂಗಾ ಹಿಂಡಿಯೋ, ಎರೆಹುಳುವೋ.

ಪೆನ್ ಕೊಡಬೇಡಿ, ಪೆನ್ಸಿಲ್ ಕೊಡಿ. ಒದ್ದೆ ಕೈ ತಾಗಿದರೆ ಇಂಕು ಹರಡುತ್ತೆ, ಪೆನ್ಸಿಲ್ ಬರಹ ಕದಲುವುದಿಲ್ಲ.

ಗೋಕಾಕದವ:
ಪುಟಗಳನ್ನು ಲ್ಯಾಮಿನೇಟ್ ಮಾಡಿಸಿದರೆ?

ದಡದ ಮೇಲೆ (ಕೊಲ್ಹಾರ):
ಲ್ಯಾಮಿನೇಟ್ ಮೇಲೆ ಯಾವ ಪೆನ್ಸಿಲ್ ಬರೆಯುತ್ತೆ ಅಣ್ಣಾ?

ಹಿನ್ನೀರಿನ ಹುಡುಗಿ (ಬಾಗಲಕೋಟೆ):
ಆಳದ ಕಾಲಂ ನನಗೆ ಹೊಳೆದೇ ಇರಲಿಲ್ಲ, ಬಹಳ ಥ್ಯಾಂಕ್ಸ್. ಕಾಲಂಗಳನ್ನು ಪ್ರಿಂಟ್ ಹಾಕಿಸಲಾ, ಕೈಯಲ್ಲಿ ಗೆರೆ ಎಳೆಯಲಾ?

ಹಳೇ ಬೈಂಡರ್ (ವಿಜಯಪುರ):
ಎರಡೂ ಬೇಡ. ಹಳೆಯ ಲೆಕ್ಕದ ಪುಸ್ತಕಗಳಲ್ಲಿ ಗೆರೆಯೇ ಇರುತ್ತಿರಲಿಲ್ಲ. ಹಾಳೆಯನ್ನು ಉದ್ದಕ್ಕೆ ಮಡಚಿ, ಮತ್ತೆ ಮಡಚಿ, ಬಿಚ್ಚುತ್ತಿದ್ದರು. ಆ ಮಡಿಕೆಯ ಗುರುತುಗಳೇ ಕಾಲಂ. ಜಮಾ ಒಂದು ಕಡೆ, ಖರ್ಚು ಒಂದು ಕಡೆ. ಹೊಲಿಯುವ ಮೊದಲೇ ಪ್ರತಿ ಹಾಳೆಗೂ ಹಾಗೆ ಮಡಿಕೆ ಹಾಕಿ. ನೋಡಲಿಕ್ಕೂ ಚೆಂದ. ಕಾಕಾಗೆ ಒಂದು ದಿನ ಕಾಲಂ ಬಿಟ್ಟು ಚಿತ್ರ ಬರೆಯಬೇಕು ಅನ್ನಿಸಿದರೆ ಯಾವ ಗೆರೆಯೂ ಅಡ್ಡ ಬರುವುದಿಲ್ಲ.

ಸುಮ್ನೆ ಓದುವವಳು (ನಿಪ್ಪಾಣಿ):
ಇದು ತುಂಬಾ ಇಷ್ಟವಾಯಿತು. ಗೆರೆ ಇಲ್ಲದ ಕಾಲಂ! ಶೀರ್ಷಿಕೆಗಳನ್ನು ಮೊದಲ ಪುಟದಲ್ಲಿ ಮಾತ್ರ ಕೈಬರಹದಲ್ಲಿ ಬರೆದರೆ ಸಾಕು ಅಲ್ವಾ.

ಬಸವನಬಾಗೇವಾಡಿಯಿಂದ:
ಒಂದು ಮಾತು ಕೇಳಬಹುದಾ? ದೀಪಾವಳಿಯ ಹೊತ್ತಿಗೆ ಕೊಡುವ ಉಡುಗೊರೆ, ಪೂಜೆಯ ದಿನ. ಅದರ ಮೇಲೆ ಮೀನಿನ ಚಿತ್ರ ಸರಿನಾ? ನಮ್ಮ ಮನೆಯಲ್ಲಿ ಇದಕ್ಕೆ ಒಪ್ಪುವುದಿಲ್ಲ. ತಪ್ಪು ತಿಳಿಯಬೇಡಿ.

ದಡದ ಮೇಲೆ (ಕೊಲ್ಹಾರ):
ನಿಮ್ಮ ಮನೆಯ ಪದ್ಧತಿ ನಿಮಗೆ. ಆದರೆ ಹೊಳೆಯ ದಂಡೆಯಲ್ಲಿ ಅಂಬಿಗರು, ಬೆಸ್ತರು ತಲೆತಲಾಂತರದಿಂದ ಮೀನು ಹಿಡಿದೇ ಬದುಕಿದ್ದಾರೆ. ಅವರ ಮನೆಯಲ್ಲೂ ದೀಪಾವಳಿ ಇದೆ, ಬಲೆಗೂ ಪೂಜೆ ಇದೆ. ಮೀನು ಅಶುಭ ಅನ್ನುವ ಮಾತು ಇಲ್ಲಿ ತರಬೇಡಿ.

ಬಸವನಬಾಗೇವಾಡಿಯಿಂದ:
ಅಶುಭ ಅಂತ ನಾನು ಹೇಳಲಿಲ್ಲ ರೀ, ಕೇಳಿದೆ ಅಷ್ಟೇ.

ಬಾದಾಮಿ ಕಲ್ಲು:
ಜಗಳ ಬೇಡ, ಇಬ್ಬರಿಗೂ ಒಂದು ವಿಷಯ ಹೇಳುತ್ತೇನೆ. ಬಾದಾಮಿಯ ಎರಡನೇ ಗುಹೆಗೆ ಹೋಗಿದ್ದೀರಾ? ವಿಷ್ಣುವಿನ ಗುಹೆ, ತ್ರಿವಿಕ್ರಮ, ವರಾಹ ಇರುವುದು. ಎಲ್ಲರೂ ಗೋಡೆ ನೋಡಿ ಹೊರಗೆ ಬಂದುಬಿಡುತ್ತಾರೆ. ತಲೆ ಎತ್ತಿ ಛತ್ತು ನೋಡಿ. ಚೌಕದ ಒಳಗೆ ಒಂದು ಚಕ್ರ, ಆ ಚಕ್ರದ ಅರಗಳೆಲ್ಲ ಮೀನು! ಹದಿನಾರು ಮೀನು. ಪಕ್ಕದ ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನ ಇದೆ, ಇದೂ ಹೆಚ್ಚುಕಡಿಮೆ ಅದೇ ಕಾಲದ ಚಾಲುಕ್ಯರ ಕೆಲಸ. ದೇವಸ್ಥಾನದ ಛತ್ತಿನ ಮೇಲೆ ಮೀನು ಇರಬಹುದು ಅಂದರೆ ಡೈರಿ ಮೇಲೆ ಇರಬಾರದಾ?

ತಂಗಿ, ಟ್ರೌಟ್ ಬಿಡು. ನಿನ್ನ ಜಿಲ್ಲೆಯದೇ ಮೀನಿನ ಚಕ್ರ ಇದೆ. ಅದನ್ನೇ ಹೊದಿಕೆಯ ಮೇಲೆ ತಾ.

ಹಿನ್ನೀರಿನ ಹುಡುಗಿ (ಬಾಗಲಕೋಟೆ):
ಬಾದಾಮಿಗೆ ಎಷ್ಟೋ ಸಲ ಹೋಗಿದ್ದೇವೆ, ಮೇಲೆ ನೋಡಿಯೇ ಇಲ್ಲ! ಈ ಭಾನುವಾರವೇ ಹೋಗುತ್ತೇನೆ. ಆದರೆ ಹದಿನಾರು ಮೀನನ್ನು ಒಂದೇ ಥರ ಬರೆಯುವುದು ಹೇಗೆ? ನನ್ನ ಕೈ ಅಷ್ಟು ಸ್ಥಿರ ಇಲ್ಲ.

ಲೆಕ್ಕದ ಮಾಸ್ತರ (ಜಮಖಂಡಿ):
ಬರೆಯಬೇಡಿ, ಮುದ್ರೆ ಹೊಡೆಯಿರಿ. ದೊಡ್ಡ ರಬ್ಬರ್ ತಗೊಂಡು ಒಂದೇ ಒಂದು ಮೀನು ಕೆತ್ತಿ, ಅದನ್ನೇ ಹದಿನಾರು ಸಲ ಒತ್ತಿ. ಜಾಗ ಹಂಚಲು ಕೋನಮಾಪಕವೂ ಬೇಡ. ಕಾಗದದ ಒಂದು ವೃತ್ತ ಕತ್ತರಿಸಿ ಅರ್ಧಕ್ಕೆ ಮಡಚಿ. ಹಾಗೆ ನಾಲ್ಕು ಸಲ ಮಡಚಿ ಬಿಚ್ಚಿದರೆ ಹದಿನಾರು ಸಮಭಾಗ.

10 ಸೆಂ.ಮೀ. ಅಗಲದ ವೃತ್ತ ಹಿಡಿದರೆ ಸುತ್ತಳತೆ ಸುಮಾರು 31.4. ಅದನ್ನು ಹದಿನಾರರಿಂದ ಭಾಗಿಸಿದರೆ ಹೊರ ಅಂಚಿನಲ್ಲಿ ಒಂದು ಮೀನಿಗೆ 2 ಸೆಂ.ಮೀ.ಗಿಂತ ಚೂರು ಕಡಿಮೆ ಸಿಗುತ್ತದೆ. ಒಳಗೆ ಹೋದಂತೆ ಜಾಗ ಕಿರಿದಾಗುತ್ತದೆ. ಹಾಗಾಗಿ ಮೀನು ಮೂರೂವರೆ ಸೆಂ.ಮೀ. ಉದ್ದ, ಒಳತುದಿ ಸಪೂರ. ನಡುವೆ ಗುಂಬದ ಜಾಗ ಖಾಲಿ ಬಿಡಿ.

ಖಣದ ಕುಪ್ಪಸ (ಗುಳೇದಗುಡ್ಡ):
ಖಣದ ಮೇಲೆ ನೇರವಾಗಿ ಮುದ್ರೆ ಒತ್ತಬೇಡ್ರಿ. ನೇಯ್ಗೆಯಲ್ಲೇ ಬುಟ್ಟಾ ಇರುತ್ತದೆ, ಅದರ ಮೇಲೆ ಬಣ್ಣ ಕೂತರೆ ಯಾವುದು ಮೀನು, ಯಾವುದು ಬುಟ್ಟಾ ಗೊತ್ತೇ ಆಗುವುದಿಲ್ಲ. ಹೊದಿಕೆಯ ರಟ್ಟಿನ ಮೇಲೆ ಇನ್ನೊಂದು ತೆಳು ರಟ್ಟು ಅಂಟಿಸಿ, ಅದರಲ್ಲಿ ದುಂಡನೆಯ ಕಿಟಕಿ ಕತ್ತರಿಸಿರಿ. ಖಣ ಹೊದಿಸುವಾಗ ಬೆರಳಿನಿಂದ ಒತ್ತುತ್ತಾ ಹೋದರೆ ಬಟ್ಟೆ ಆ ತಗ್ಗಿನೊಳಗೆ ಕೂರುತ್ತದೆ. ಬಿಳಿ ಹತ್ತಿ ಬಟ್ಟೆಯ ಮೇಲೆ ಚಕ್ರ ಒತ್ತಿ, ಒಣಗಿಸಿ, ದುಂಡಗೆ ಕತ್ತರಿಸಿ ತಗ್ಗಿನಲ್ಲಿ ಅಂಟಿಸಿರಿ. ಕೈ ಸವರಿದರೂ ಅಂಚು ಕಿತ್ತು ಬರುವುದಿಲ್ಲ.

ಖಣ ತೆಳು ಬಟ್ಟೆ. ನೇರವಾಗಿ ಫೆವಿಕಾಲ್ ಹಚ್ಚಿದರೆ ಅಂಟು ಮೇಲೆ ಇಣುಕುತ್ತದೆ, ಆ ಕಲೆ ಜನ್ಮಕ್ಕೂ ಹೋಗುವುದಿಲ್ಲ. ಮೊದಲು ಬಟ್ಟೆಯ ಹಿಂಭಾಗಕ್ಕೆ ತೆಳು ಕಾಗದ ಕೂರಿಸಬೇಕು. ಬಟ್ಟೆಯನ್ನು ಉಲ್ಟಾ ಹಾಸಿ, ನೀರು ಚಿಮುಕಿಸಿ, ಸುಕ್ಕಿಲ್ಲದಂತೆ ಸವರಿ. ಮೈದಾ ಖಳಿಯನ್ನು, ಅಂದರೆ ಹಿಟ್ಟು ಕಾಯಿಸಿದ ಅಂಟನ್ನು, ಕಾಗದಕ್ಕೆ ಹಚ್ಚಿ, ಬಟ್ಟೆಗೆ ಹಚ್ಚಬಾರದು, ಆ ಕಾಗದವನ್ನು ಬಟ್ಟೆಯ ಮೇಲೆ ಇಳಿಸಿ ಒಣಗಲು ಬಿಡಿ. ಒಣಗಿದ ಮೇಲೆ ಅದು ಕಾಗದದಂತೆಯೇ ಕತ್ತರಿಸಲು ಬರುತ್ತದೆ, ಎಳೆ ಬಿಚ್ಚುವುದಿಲ್ಲ. ಇನ್ನೊಂದು, ಖಣದ ದಡಿಯನ್ನು ಕತ್ತರಿಸಿ ಎಸೆಯಬೇಡ್ರಿ. ದಡಿ ಪುಸ್ತಕದ ಬೆನ್ನಿನ ಪಕ್ಕ ಉದ್ದಕ್ಕೆ ಬರುವಂತೆ ಇಡಿ, ಅದರ ಲಕ್ಷಣವೇ ಬೇರೆ.

ಅಥಣಿ ತೊಗಲು:
ಎಲ್ಲ ಸರಿ, ಆದರೆ ಪೂರ್ತಿ ಖಣದ ಪುಸ್ತಕ ದಡದಲ್ಲಿ ಬಾಳುವುದಿಲ್ಲ. ಸವೆಯುವುದು ಎಲ್ಲಿ? ಬೆನ್ನು ಮತ್ತು ನಾಲ್ಕು ಮೂಲೆ. ಅಲ್ಲಿ ತೊಗಲು ಹಾಕಿ, ನಡುವೆ ಖಣ ಇರಲಿ. ಅಥಣಿ, ನಿಪ್ಪಾಣಿ ಕಡೆ ಕೊಲ್ಹಾಪುರಿ ಚಪ್ಪಲಿ ಮಾಡುವವರ ಹತ್ತಿರ ತುಂಡು ತೊಗಲು ಸಿಗುತ್ತದೆ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ್ದು. ಎಷ್ಟೋ ಜನ ಕೊಲ್ಹಾಪುರಿ ಅಂದರೆ ಬರೀ ಮಹಾರಾಷ್ಟ್ರದ್ದು ಅಂದುಕೊಂಡಿದ್ದಾರೆ. 2019ರಲ್ಲಿ ಬಂದ ಜಿಐ (ಭೌಗೋಳಿಕ ಗುರುತು) ಮಾನ್ಯತೆಯಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ನಾಲ್ಕೂ ಇವೆ.

ಚಪ್ಪಲಿಯ ತೊಗಲು ದಪ್ಪ. ಹಾಗೇ ಅಂಟಿಸಿದರೆ ಮೂಲೆ ಉಬ್ಬುತ್ತದೆ. ಮಡಚುವ ಅಂಚನ್ನು ರಂಪಿಗೆಯಿಂದ (ತೊಗಲು ಕೊಯ್ಯುವ ಉಳಿ) ಹೆರೆದು ಹೆರೆದು ತೆಳುವಾಗಿಸಬೇಕು, ಬೆಳಕಿಗೆ ಹಿಡಿದರೆ ಅಂಚು ಕಾಗದದಷ್ಟು ಸಣ್ಣಗೆ ಕಾಣಬೇಕು. ನಿಮಗೆ ಕಷ್ಟ ಅನ್ನಿಸಿದರೆ ತೊಗಲು ಕೊಡುವವರ ಕೈಯಲ್ಲೇ ಹೆರೆಸಿಕೊಳ್ಳಿ, ಅವರಿಗೆ ಅದು ಐದು ನಿಮಿಷದ ಕೆಲಸ. ಕೊನೆಗೆ ಚೂರು ಎಣ್ಣೆ, ಜೇನುಮೇಣ ಕೂಡಿಸಿ ತಿಕ್ಕಿ. ಒದ್ದೆ ಕೈ ತಾಗಿದರೆ ಬೇಗ ಕಲೆ ಹಿಡಿಯುವುದಿಲ್ಲ.

ಶೇಂಗಾ ಹಿಂಡಿ (ಬೀಳಗಿ):
ಈಗ ನಾನೂ ಒಪ್ಪಿದೆ. ಇಂಥ ಪುಸ್ತಕ ಕೊಟ್ಟರೆ ಸ್ಪೈರಲ್ ಯಾರು ಕೇಳುತ್ತಾರೆ. ಒಂದು ಐಡಿಯಾ: ಮುಚ್ಚುವ ಕಡೆ ನಿಜವಾದ ಗಾಳದ ಕೊಕ್ಕೆ ಹೊಲಿದು ಕೊಂಡಿ ಮಾಡಬಹುದಲ್ಲ?

ದಡದ ಮೇಲೆ (ಕೊಲ್ಹಾರ):
ಬೇಡವೇ ಬೇಡ. ಗಾಳಕ್ಕೆ ಹಿಮ್ಮುಳ್ಳು ಇರುತ್ತೆ, ಬೆರಳಿಗೆ ಹೊಕ್ಕರೆ ಹಿಂದಕ್ಕೆ ಬರುವುದಿಲ್ಲ. ಮನೆಯಲ್ಲಿ ಮಕ್ಕಳಿರುತ್ತಾರೆ. ತುದಿ ಕತ್ತರಿಸಿ ಹಾಕಿದರೂ ತುಕ್ಕು ಹಿಡಿದು ಕಾಗದಕ್ಕೆ ಕಂದು ಕಲೆ ಬೀಳುತ್ತೆ.

ಬದಲಿಗೆ ಬೆಂಡು ಹಾಕಿ. ಜೋಳದ ದಂಟು ಸುಲಿದರೆ ಒಳಗೆ ಬಿಳಿ ಬೆಂಡು ಸಿಗುತ್ತಲ್ಲ, ಸಣ್ಣವರಿದ್ದಾಗ ಅದನ್ನೇ ಗಾಳಕ್ಕೆ ಕಟ್ಟುತ್ತಿದ್ದೆವು. ಅದರದೊಂದು ತುಂಡಿಗೆ ಕೆಂಪು ಬಣ್ಣ ಬಳಿದು ಗುಂಡಿ ಮಾಡಿ, ನೂಲು ಸುತ್ತಿ ಮುಚ್ಚುವ ಹಾಗೆ ಇಡಿ.

ಗೋಕಾಕದವ:
ದಂಟಿನ ಬೆಂಡು ಬೆರಳಲ್ಲಿ ಒತ್ತಿದರೆ ಚಪ್ಪಟೆ. ಎರಡು ದಿನ ಬರುವುದಿಲ್ಲ. ನಮ್ಮ ಊರಿನ ಚಿತ್ರಗಾರರು ಹಗುರ ಕಟ್ಟಿಗೆಯಲ್ಲಿ ಹಣ್ಣು, ತರಕಾರಿ, ಗೊಂಬೆ ಮಾಡುತ್ತಾರೆ, ಗೋಕಾಕದ ಆಟಿಕೆ ಅಂತ ಹೆಸರುವಾಸಿ. ಅವರಿಗೆ ಹೇಳಿದರೆ ಬೆಂಡಿನ ಆಕಾರದ ಕಟ್ಟಿಗೆ ಗುಂಡಿ ಮಾಡಿ ಬಣ್ಣ ಹಾಕಿ ಕೊಡುತ್ತಾರೆ. ಬರುವಾಗ ಕರದಂಟೂ ತನ್ನಿ, ಉಡುಗೊರೆ ಪೂರ್ತಿಯಾಗುತ್ತದೆ. ಕರದಂಟಿನ ಡಬ್ಬಿಯಲ್ಲೇ ಪುಸ್ತಕ ಇಟ್ಟು ಕೊಡಬಹುದು ನೋಡಿ.

ಲೆಕ್ಕದ ಮಾಸ್ತರ (ಜಮಖಂಡಿ):
ಕರದಂಟು ಅಂದರೆ ಅಮೀನಗಡದ್ದು. ಬಾಗಲಕೋಟೆ ಜಿಲ್ಲೆಯವರಿಗೆ ಗೋಕಾಕಕ್ಕೆ ಹೋಗುವ ದರ್ದೇನು?

ಗೋಕಾಕದವ:
ಮಾಸ್ತರ, ಲೆಕ್ಕ ನೀವು ಹೇಳಿ, ಕರದಂಟು ನಮಗೆ ಬಿಡಿ.

ದಡದ ಮೇಲೆ (ಕೊಲ್ಹಾರ):
ಎರಡೂ ಬೇಡ, ಕೊಲ್ಹಾರದ ಮೊಸರು ಒಯ್ಯಿರಿ.

ಪೆಟ್ಟಿಗೆ ಪ್ರೇಮಿ (ಬೆಳಗಾವಿ):
ಪೆಟ್ಟಿಗೆಯ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ, ನಾನು ಹೇಳುತ್ತೇನೆ. ಡಬ್ಬಿ ಗಿಬ್ಬಿ ಬೇಡ, ಅಕ್ಕ ಕೇಳಿದ್ದು ಜೋಡಿ ಪೆಟ್ಟಿಗೆ.

ಮೊದಲ ನಿಯಮ, ಪುಸ್ತಕ ಪೂರ್ತಿ ಮುಗಿದು ಒಣಗುವ ತನಕ ಪೆಟ್ಟಿಗೆಗೆ ಕೈ ಹಾಕಬೇಡಿ. 80 ಹಾಳೆ, ಎರಡು ರಟ್ಟು, ತೊಗಲು ಎಲ್ಲ ಸೇರಿ ಒಂದೂವರೆ, ಎರಡು ಸೆಂ.ಮೀ. ದಪ್ಪ ಬರಬಹುದು, ಆದರೆ ನೂಲಿನಿಂದ ಬೆನ್ನು ಎಷ್ಟು ಉಬ್ಬುತ್ತದೆ ಅನ್ನುವುದು ಹೊಲಿಯುವ ಕೈ ಮೇಲೆ. ಕೈಯಲ್ಲಿ ಪುಸ್ತಕ ಹಿಡಿದು ಅಳೆಯಿರಿ. ಉದ್ದಕ್ಕೆ, ಅಗಲಕ್ಕೆ 3 ಮಿ.ಮೀ. ಸೇರಿಸಿ. ಅದು ಒಳಗಿನ ತಟ್ಟೆಯ ಒಳ ಅಳತೆ. ಅಗಲದಲ್ಲಿ ಇನ್ನೂ ಎರಡೂವರೆ ಸೆಂ.ಮೀ. ಜಾಸ್ತಿ ಇಟ್ಟು, ನಡುವೆ ರಟ್ಟಿನ ಗೋಡೆ ನಿಲ್ಲಿಸಿ. ಪೆನ್ಸಿಲ್, ಶಾರ್ಪನರ್, ಒಂದೆರಡು ಬಣ್ಣದ ಬೆಂಡು ಅಲ್ಲಿ ಕೂರುತ್ತವೆ.

2 ಮಿ.ಮೀ. ರಟ್ಟು ತಗೊಳ್ಳಿ. ಗೋಡೆಗಳನ್ನು ತಳದ ಮೇಲೆ ನಿಲ್ಲಿಸಿ, ಮೂಲೆಗಳಿಗೆ ಕಾಗದದ ಟೇಪು ಹಾಕಿ, ಆಮೇಲೆ ಬಟ್ಟೆ. ಮುಚ್ಚಳವನ್ನು ಅಳೆಯುವುದು ತಟ್ಟೆಗೆ ಬಟ್ಟೆ ಹೊದಿಸಿದ ಮೇಲೆ. ತಟ್ಟೆಯ ಹೊರ ಅಳತೆಗೆ 2 ಮಿ.ಮೀ. ಸೇರಿಸಿ, ಮುಚ್ಚಳದ ಒಳಗೆ ತೆಳು ಕಾಗದವನ್ನೇ ಹಚ್ಚಿ, ಬಟ್ಟೆ ಬೇಡ. ಇದಕ್ಕಿಂತ ಬಿಗಿ ಮಾಡಿದರೆ ಗಾಳಿ ಹೊರಗೆ ಹೋಗಲು ದಾರಿ ಇಲ್ಲದೆ ಮುಚ್ಚಳ ಕೂರುವುದೂ ಇಲ್ಲ, ಏಳುವುದೂ ಇಲ್ಲ. ಮುಚ್ಚಳದ ಎರಡೂ ಬದಿಗೆ ಹತ್ತು ರೂಪಾಯಿ ನಾಣ್ಯ ಅರ್ಧ ಇಟ್ಟು ಗೆರೆ ಎಳೆದು, ಅರ್ಧಚಂದ್ರ ಕತ್ತರಿಸಿ. ಬೆರಳು ಹಾಕಲು ಜಾಗ. ತಟ್ಟೆಯ ತಳದಲ್ಲಿ ಒಂದು ರಿಬ್ಬನ್ ಅಡ್ಡ ಅಂಟಿಸಿ, ಎಳೆದರೆ ಪುಸ್ತಕ ಮೇಲೆ ಬರಬೇಕು.

ಮತ್ತೆ, ರಟ್ಟಿನ ಹೊರಗೆ ಮಾತ್ರ ಬಟ್ಟೆ ಅಂಟಿಸಿದರೆ ಅದು ಒಣಗುತ್ತಾ ಒಂದೇ ಕಡೆ ಬಾಗುತ್ತದೆ. ಒಳಗೂ ಕಾಗದ ಅಂಟಿಸಿದರೆ ಎರಡೂ ಕಡೆ ಸಮ ಎಳೆತ. ಆ ಒಳಗಿನ ಕಾಗದದ ಮೇಲೆ ಹೊಳೆಯ ನಕ್ಷೆ ಬರೆಯಿರಿ. ಕೃಷ್ಣೆ, ಚಿಕ್ಕಸಂಗಮದಲ್ಲಿ ಕೂಡುವ ಘಟಪ್ರಭೆ, ಕೂಡಲಸಂಗಮದಲ್ಲಿ ಮಲಪ್ರಭೆ, ಕಾಕಾ ಕೂರುವ ಜಾಗಗಳಿಗೆ ಕೆಂಪು ಚುಕ್ಕೆ.

ಹಿನ್ನೀರಿನ ಹುಡುಗಿ (ಬಾಗಲಕೋಟೆ):
ನಕ್ಷೆಗೆ ಬೇಕಾದ್ದೆಲ್ಲ ಆ ಚೀಟಿಗಳಲ್ಲೇ ಇದೆ! ಕಾಕುವಿಗೆ ಹೇಳಿ ಚೀಲ ಇಸಿದುಕೊಳ್ಳುತ್ತೇನೆ.

ಸುಮ್ನೆ ಓದುವವಳು (ನಿಪ್ಪಾಣಿ):
ಜಪಾನಿನ ಮೀನು ಮುದ್ರೆ ಕೇಳಿದ್ದೀರಾ? ಗ್ಯೋತಾಕು ಅಂತ. ಫೋಟೋ ತೆಗೆಯಲು ಆಗದ ಕಾಲದಲ್ಲಿ, 19ನೇ ಶತಮಾನದಲ್ಲಿ, ಅಲ್ಲಿನ ಬೆಸ್ತರು ತಾವು ಹಿಡಿದ ಮೀನಿನ ಅಳತೆಗೆ ಸಾಕ್ಷಿ ಇರಲಿ ಅಂತ ಹೀಗೆ ಮಾಡುತ್ತಿದ್ದರು. ಮೀನಿನ ಲೋಳೆ ತೊಳೆದು ಒರೆಸಿ, ಮೈಗೆ ಮಸಿ ಸವರಿ, ಮೇಲೆ ತೆಳು ಕಾಗದ ಹಾಸಿ ಬೆರಳಿಂದ ಮೆಲ್ಲಗೆ ತೀಡಬೇಕು. ಎತ್ತಿದರೆ ಒಂದೊಂದು ಹುರುಪೆಯೂ ಕಾಗದದ ಮೇಲೆ. ಕಣ್ಣು ಮಾತ್ರ ಆಮೇಲೆ ಕೈಯಲ್ಲಿ ಬರೆಯುತ್ತಾರೆ. ಪೆಟ್ಟಿಗೆಯಲ್ಲಿ ಕೆಲವು ತೆಳು ಹಾಳೆ ಇಟ್ಟುಕೊಡಿ, ಕಾಕಾ ತಮ್ಮ ದೊಡ್ಡ ಮೀನಿನದು ತಾವೇ ತೆಗೆದುಕೊಳ್ಳಲಿ.

ಶೇಂಗಾ ಹಿಂಡಿ (ಬೀಳಗಿ):
ಮಸಿ ಬಳಿದ ಮೀನು ತಿನ್ನುವುದು ಹೇಗೆ?

ಸುಮ್ನೆ ಓದುವವಳು (ನಿಪ್ಪಾಣಿ):
ತಿನ್ನುವ ಬಣ್ಣ ಬಳಸಿ ಅಣ್ಣಾ, ತೊಳೆದರೆ ಹೋಗುತ್ತದೆ. ಬರೆಯುವ ಇಂಕು ಬಳಿದರೆ ಆ ಮೀನು ಅಡುಗೆಗೆ ಬೇಡ.

ದಡದ ಮೇಲೆ (ಕೊಲ್ಹಾರ):
ಹುರುಪೆ ಅಂದಾಗ ನೆನಪಾಯಿತು. ದೊಡ್ಡ ಕಟ್ಲಾದ ಒಂದು ಹುರುಪೆ ತೊಳೆದು ಒಣಗಿಸಿ ಭೂತಗನ್ನಡಿಯಲ್ಲಿ ನೋಡಿ. ಒಳಗೆ ಸುತ್ತು ಸುತ್ತು ಗೆರೆ ಇರುತ್ತೆ. ಮೀನು ಬೆಳೆದ ಹಾಗೆ ಗೆರೆಯೂ ಬೆಳೆಯುತ್ತೆ, ಮೀನು ಗೊತ್ತಿದ್ದವರು ಅದನ್ನು ನೋಡಿ ವಯಸ್ಸು ಅಂದಾಜು ಮಾಡುತ್ತಾರೆ. ಡೈರಿಯ ಹಿಂದಿನ ರಟ್ಟಿಗೆ ಒಂದು ಸಣ್ಣ ಜೇಬು ಮಾಡಿಕೊಡಿ. ಹುರುಪೆಯೂ ಕೂರುತ್ತೆ, ಮೀನುಗಾರಿಕೆ ಪರವಾನಗಿ ಚೀಟಿಯೂ ಕೂರುತ್ತೆ.

ಇನ್ನೊಂದು ಕಾಲಂ ಸೇರಿಸಿ ತಂಗಿ, "ವಾಪಸ್ ಬಿಟ್ಟಿದ್ದು" ಅಂತ. ಗೆಂಡೆ ಜಾತಿಯ ಮೀನು ಮೊಟ್ಟೆ ಇಡುವುದು ಮಳೆಗಾಲದಲ್ಲಿ. ಹೊಟ್ಟೆ ತುಂಬಿದ ಮೀನು ಸಿಕ್ಕರೆ ನೀರಿಗೆ ಬಿಡಬೇಕು. ಇಷ್ಟು ವರ್ಷ ಗಾಳ ಹಾಕಿದವರಿಗೆ ಇದು ಗೊತ್ತೇ ಇರುತ್ತೆ, ಆದರೆ ಅದನ್ನು ಬರೆಯಲು ಒಂದು ಜಾಗ ಇದ್ದರೆ ಅವರ ಪಕ್ಕ ಕೂತು ಕಲಿಯುವ ಹುಡುಗರೂ ನೋಡುತ್ತಾರೆ.

ಬಸವನಬಾಗೇವಾಡಿಯಿಂದ:
ಈ ಕಾಲಂ ನನಗೆ ಬಹಳ ಹಿಡಿಸಿತು ರೀ.

ಹಿನ್ನೀರಿನ ಹುಡುಗಿ (ಬಾಗಲಕೋಟೆ):
ಎಲ್ಲ ಬರೆದುಕೊಂಡಿದ್ದೇನೆ. ಪಟ್ಟಿಯ ಮೇಲೆ ಹೊಲಿಗೆ, ಬೆನ್ನು ಮತ್ತು ಮೂಲೆಗೆ ಅಥಣಿ ತೊಗಲು, ನಡುವೆ ಖಣ, ಕಿಟಕಿಯಲ್ಲಿ ಬಾದಾಮಿಯ ಚಕ್ರ. ಕಾಲಂಗಳು ಮಡಿಕೆಯವು. ಗೋಕಾಕದ ಗುಂಡಿಗೆ ನಮ್ಮ ಮಾಮಾಗೆ ಹೇಳಿದ್ದೇನೆ, ಅವರು ಆ ಕಡೆ ಹೋಗುತ್ತಿರುತ್ತಾರೆ. ಒಂದೇ ಪ್ರಶ್ನೆ ಉಳಿದಿದೆ. ಮೈದಾ ಖಳಿಗೆ ಹುಳ ಬೀಳುವುದಿಲ್ಲವೇ?

ಅಥಣಿ ತೊಗಲು:
ಬೀಳುತ್ತದೆ. ಹಿಂದೆಲ್ಲ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು.

ಪೆಟ್ಟಿಗೆ ಪ್ರೇಮಿ (ಬೆಳಗಾವಿ):
ಮನೆಯಲ್ಲಿ ಮಾಡುವವರಿಗೆ ಮೈಲುತುತ್ತ ಹೇಳಬೇಡಿ ಅಣ್ಣಾ. ಅದು ವಿಷ, ದ್ರಾಕ್ಷಿ ತೋಟಕ್ಕೆ ಸುಣ್ಣ ಕೂಡಿಸಿ ಹೊಡೆಯುವುದು. ಅಡುಗೆ ಪಾತ್ರೆಯಲ್ಲಿ ಕಾಯಿಸಿದರೆ ಕಷ್ಟ.

ಹಳೇ ಬೈಂಡರ್ (ವಿಜಯಪುರ):
ಇಬ್ಬರೂ ಹೇಳಿದ್ದು ಸರಿ. ನಾವು ಹಾಕುತ್ತಿದ್ದೆವು, ಅದಕ್ಕೆ ಬೇರೆಯೇ ಪಾತ್ರೆ, ಬೇರೆಯೇ ಒಲೆ ಇತ್ತು. ತಂಗಿ, ನೀನು ಖಣದ ಹಿಂದಿನ ಕಾಗದಕ್ಕೆ ಮಾತ್ರ ಖಳಿ ಬಳಸು, ಅದರಲ್ಲಿ ಎರಡು ಹನಿ ಲವಂಗದ ಎಣ್ಣೆ ಹಾಕು. ಉಳಿದ ಕಡೆ ಫೆವಿಕಾಲ್‌ಗೆ ಚೂರು ನೀರು ಬೆರೆಸಿ ಬ್ರಷ್‌ನಿಂದ ತೆಳುವಾಗಿ ಹಚ್ಚು. ಹೊದಿಕೆ ಕೂಡಿಸಿದ ಮೇಲೆ ಮೊದಲ ಮತ್ತು ಕೊನೆಯ ಹಾಳೆಯ ಒಳಗೆ ಪ್ಲಾಸ್ಟಿಕ್ ಹಾಳೆ ಇಟ್ಟು, ಮೇಲೆ ಸಮತಟ್ಟಾದ ಹಲಗೆ, ಅದರ ಮೇಲೆ ಭಾರ ಹೇರು. ಮುಟ್ಟಿದರೆ ತಣ್ಣಗೆ ಅನ್ನಿಸಿದರೆ ಒಳಗೆ ಇನ್ನೂ ತೇವ ಇದೆ ಅಂತ ಅರ್ಥ. ಆ ತಣ್ಣನೆ ಹೋಗುವ ತನಕ ಪೆಟ್ಟಿಗೆಯೊಳಗೆ ಇಡಬೇಡ, ಬೂಸ್ಟು ಹಿಡಿಯುತ್ತದೆ.